ಗಿಟಾರಿಗೆ ಹೊಸ ಕಂಠ

ಮೂರ್ನಾಡಿನಂಥ ಊರಿನ ಯಾವುದಾದರೊಂದು ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಇಂಥದೊಂದು ಮಾತುಕತೆ ನಡೆದರೆ ಅಚ್ಚರಿಪಡಬೇಕಾಗಿಲ್ಲ.

‘ಅಪ್ಪಾ, ಪಿಕಪ್ ಬದಲಾಯಿಸ್ಬೇಕು.’

‘ಯಾವ ಪಿಕಪ್ಪು? ನಮ್ಮನೇಲಿ ಇರೋದು ಒಂದು ಸ್ಕೂಟರು!’

‘ಗಾಡಿ ಅಲ್ಲಪ್ಪಾ, ಗಿಟಾರಿಂದು...’

ಕಾಫಿ ಮೂಟೆ, ಶುಂಠಿ ಚೀಲ, ಸೌದೆ ಹೊರುವ ಪುಟ್ಟ ಲಾರಿಗೆ ಪಿಕಪ್ ಎನ್ನುವುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯ ಮೇಲೆ, ತಂತಿಗಳ ಕೆಳಗೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದನೆಯ ಒಂದು ಪಟ್ಟಿ ಕುಳಿತಿರುತ್ತದೆ. ಅದರ ಹೆಸರೂ ಪಿಕಪ್ಪೇ. ಗಿಟಾರಿನ ದನಿ ಹುಟ್ಟುವುದೇ ಅಲ್ಲಿ. ಅಗ್ಗದ ಗಿಟಾರುಗಳಲ್ಲಿ ಮೊದಲು ಬೇಸರ ತರಿಸುವುದೂ ಅದೇ. ಒಂದೆರಡು ವರ್ಷ ನುಡಿಸಿ ಕೈ ಪಳಗಿದ ಹುಡುಗನಿಗೋ ಹುಡುಗಿಗೋ ತನ್ನ ವಾದ್ಯದ ದನಿ ಮಂಕಾಗಿದೆ, ಇಲ್ಲವೇ ಗುಂಯ್‌ಗುಡುತ್ತದೆ ಅನ್ನಿಸತೊಡಗುತ್ತದೆ. ಹೊಸ ಗಿಟಾರ್ ಕೊಡಿಸಿ ಎನ್ನಲು ಧೈರ್ಯವಿಲ್ಲ. ಹೆಸರಾಂತ ಕಂಪೆನಿಯ ಪಿಕಪ್ ತರಿಸೋಣವೆಂದರೆ ಅಮೆರಿಕದಲ್ಲೇ ಒಂದೊಂದಕ್ಕೆ ನೂರು ಡಾಲರಿನ ಆಸುಪಾಸು. ಸಾಗಣೆ, ಸುಂಕ ಸೇರಿ ಇಲ್ಲಿಗೆ ಬರುವಷ್ಟರಲ್ಲಿ ಅದರ ಬೆಲೆ ಇಡೀ ಗಿಟಾರಿನ ಬೆಲೆಯನ್ನೇ ಮೀರಿದರೂ ಮೀರಬಹುದು. ಉಳಿಯುವುದು ಮೂರನೆಯ ದಾರಿ: ಹೆಚ್ಚು ಹೆಸರು ಕೇಳಿರದ ತಯಾರಕರ, ಕಡಿಮೆ ಬೆಲೆಯ ಪಿಕಪ್ ತರಿಸಿ ಹಾಕಿ ನೋಡುವುದು.

ಇದು ದುಡ್ಡು ದಂಡವೇ? ಓದಿನ ಹೊತ್ತು ಹಾಳೇ? ಹೆತ್ತವರ ಈ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ಮೊದಲು ಆ ಪಟ್ಟಿಯೊಳಗೆ ಏನಿದೆ ಎಂದು ನೋಡೋಣ.

ಫ್ಯಾರಡೆಯ ಪಾಠ

ಬಿಚ್ಚಿ ನೋಡಿದರೆ ಪಿಕಪ್ಪಿನಲ್ಲಿ ಇರುವುದು ಎರಡೇ: ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ. ಕಾಂತವು ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವನ್ನಾಗಿ ಮಾಡುತ್ತದೆ. ಬೆರಳು ಮೀಟಿದಾಗ ತಂತಿ ಕಂಪಿಸುತ್ತದೆ. ಸುರುಳಿಯೊಳಗಿನ ಕಾಂತಕ್ಷೇತ್ರ ಅದೇ ಲಯದಲ್ಲಿ ಹೆಚ್ಚುಕಡಿಮೆಯಾಗುತ್ತದೆ. ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ, ಇಂದು ಪಿ.ಯು.ಸಿ. ವಿಜ್ಞಾನ ವಿದ್ಯಾರ್ಥಿಗಳೆಲ್ಲ ಓದುವ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ನೈಲಾನ್ ತಂತಿಯ ಗಿಟಾರಿಗೆ ಈ ಬಗೆಯ ಪಿಕಪ್ ಏಕೆ ಕೆಲಸ ಮಾಡುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ನೈಲಾನನ್ನು ಕಾಂತ ಮುಟ್ಟುವುದಿಲ್ಲ!

ಕಾಫಿ ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವುದು ಕೊಡಗಿನವರಿಗೆ ಹೊಸತಲ್ಲ. ಹೂಮಳೆ ಕೈಕೊಟ್ಟ ವರ್ಷಗಳಲ್ಲಂತೂ ಆ ಅಂಗಡಿಗಳಲ್ಲಿ ಸಾಲು. ಅಲ್ಲಿ ಸುತ್ತುವ ಎನಾಮೆಲ್ ಲೇಪದ ತಾಮ್ರದ ತಂತಿಯ ತಮ್ಮನೇ ಪಿಕಪ್ಪಿನೊಳಗಿನದು. ಆದರೆ ಇದು ಬಲು ಸಣ್ಣದು. ಸಾಮಾನ್ಯವಾಗಿ ಬಳಸುವ 42 ಗೇಜಿನ ತಂತಿಯ ವ್ಯಾಸ ಸುಮಾರು 0.063 ಮಿ.ಮೀ. ತಲೆಗೂದಲಿನಷ್ಟೇ. ಫೆಂಡರ್ ಕಂಪೆನಿಯ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಪಿಕಪ್ಪಿಗೆ ಇದನ್ನು 7,500ರಿಂದ 8,000 ಸುತ್ತು ಸುತ್ತುತ್ತಾರೆ.

ಎಷ್ಟು ಉದ್ದದ ತಂತಿ ಹಿಡಿದೀತು? ವಿದ್ಯಾರ್ಥಿಗಳು ಬಿಚ್ಚದೆಯೇ ಲೆಕ್ಕ ಹಾಕಬಹುದು. ಮೀಟರಿಗೆ ಈ ತಂತಿಯ ರೋಧ ಸುಮಾರು 5.4 ಓಮ್. ಮಲ್ಟಿಮೀಟರು ಹಿಡಿದಾಗ ಪಿಕಪ್ಪಿನ ರೋಧ 6,000 ಓಮ್ ತೋರಿಸಿತೆನ್ನಿ. ಭಾಗಿಸಿದರೆ 1,100 ಮೀಟರಿಗೂ ಹೆಚ್ಚು! ಮಡಿಕೇರಿ–ವಿರಾಜಪೇಟೆ ರಸ್ತೆಯ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲನ್ನು ದಾಟಿ ಹೋಗುವಷ್ಟು ತಂತಿ ಆ ಪುಟ್ಟ ಪಟ್ಟಿಯೊಳಗೆ ಮುದುಡಿ ಕೂತಿದೆ.

ದೊಡ್ಡ ಹೆಸರುಗಳೂ ಒಮ್ಮೆ ಸಣ್ಣವೇ

ಗಿಟಾರಿಗೆ ವಿದ್ಯುತ್ತಿನ ಗೊಡವೆ ಬಂದದ್ದೇ ಪಾಪ, ಅದರ ದನಿ ಯಾರಿಗೂ ಕೇಳಿಸದ್ದರಿಂದ. 1920ರ ದಶಕದ ಅಮೆರಿಕದ ವಾದ್ಯಮೇಳಗಳಲ್ಲಿ ತುತ್ತೂರಿ, ಸ್ಯಾಕ್ಸೊಫೋನು, ಡ್ರಮ್ಮುಗಳ ಅಬ್ಬರದ ನಡುವೆ ಗಿಟಾರು ಮೂಕವಾಗಿತ್ತು. ಜಾರ್ಜ್ ಬೋಷಾಂಪ್ ಎಂಬ ವಾದಕ ಅಡಾಲ್ಫ್ ರಿಕನ್‌ಬ್ಯಾಕರ್ ಜತೆಗೂಡಿ 1931–32ರಲ್ಲಿ ಕಾಂತ ಹಾಗೂ ಸುರುಳಿಯ ಪಿಕಪ್ ಉಳ್ಳ ಗಿಟಾರನ್ನು ಮಾರುಕಟ್ಟೆಗೆ ತಂದ. ಅದರ ಗುಂಡನೆಯ ಒಡಲು, ಉದ್ದನೆಯ ಹಿಡಿ ಕಂಡ ಜನ ಇಟ್ಟ ಅಡ್ಡಹೆಸರು ‘ಬಾಣಲೆ’!

ಮುಂದೆ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯನಾದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೂ 1954ರಲ್ಲಿ ಅವನ ಕಾರ್ಖಾನೆಯಿಂದ ಹೊರಬಂದ ಸ್ಟ್ರಾಟೋಕ್ಯಾಸ್ಟರ್ ಇಂದಿಗೂ ಲೋಕಪ್ರಸಿದ್ಧ. ಅಲ್ಲಿ ಸುರುಳಿ ಸುತ್ತುತ್ತಿದ್ದವರಲ್ಲಿ 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಎಂಬ ಮಹಿಳೆಯ ಕೈಗುಣ ಎಷ್ಟು ಹೆಸರಾಯಿತೆಂದರೆ, ಆಕೆ ಸುತ್ತಿದ ಪಿಕಪ್ಪುಗಳನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಒಂಟಿ ಸುರುಳಿಯ ಪಿಕಪ್ಪಿಗೆ ಒಂದು ಶಾಪವಿದೆ. ಅದು ತಂತಿಯ ಕಂಪನವನ್ನಷ್ಟೇ ಅಲ್ಲ, ಮನೆಯ ವಿದ್ಯುತ್ ವೈರುಗಳ, ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದೇ ಗುಂಯ್‌ಗುಟ್ಟುವಿಕೆಯ ಮೂಲ. ಗಿಬ್ಸನ್ ಕಂಪೆನಿಯ ಎಂಜಿನಿಯರ್ ಸೆತ್ ಲವರ್ ಇದಕ್ಕೆ ಪರಿಹಾರ ಕಂಡ. ಒಂದರ ಬದಲು ಎರಡು ಸುರುಳಿ. ಒಂದರ ಸುತ್ತು ಇನ್ನೊಂದಕ್ಕೆ ತಿರುವುಮುರುವು, ಕಾಂತಧ್ರುವವೂ ತಿರುವುಮುರುವು. ಹೊರಗಿನ ಗದ್ದಲ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ಸೊನ್ನೆಯಾಗುತ್ತದೆ. ತಂತಿಯ ನಾದ ಮಾತ್ರ ಎರಡು ಬಾರಿ ತಿರುಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇದೇ ‘ಹಂಬಕರ್’. 1955ರಲ್ಲಿ ಅರ್ಜಿ ಹಾಕಿದ ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ.

ಆಗೆಲ್ಲ ಹೆಚ್ಚಿನವರಿಗೆ ಗಿಟಾರಿನ ಜತೆ ಬಂದ ಪಿಕಪ್ಪೇ ಗತಿ. ಕೆಟ್ಟರೆ ಅದೇ ಕಂಪೆನಿಯ ಕದ ತಟ್ಟಬೇಕಿತ್ತು. 1970ರ ದಶಕದಲ್ಲಿ ಈ ಸ್ಥಿತಿ ಬದಲಾಯಿತು. ನ್ಯೂಯಾರ್ಕಿನಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದ ಲ್ಯಾರಿ ಡಿಮಾರ್ಜಿಯೊ 1972ರ ಸುಮಾರಿಗೆ ಹೆಚ್ಚು ಜೋರು ದನಿಯ ಪಿಕಪ್ಪನ್ನು ತಾನೇ ರೂಪಿಸಿ ಬಿಡಿಯಾಗಿ ಮಾರತೊಡಗಿದ. ಕ್ಯಾಲಿಫೋರ್ನಿಯದಲ್ಲಿ ಸೇಮೂರ್ ಡಂಕನ್ 1976ರಲ್ಲಿ ಕಂಪೆನಿ ಕಟ್ಟಿದ. ಇಂದು ಇವೆರಡೂ ಬಿಡಿ ಪಿಕಪ್ ಲೋಕದ ದೊಡ್ಡ ಹೆಸರುಗಳು. ಆದರೆ ಶುರುವಿನಲ್ಲಿ ಇವೂ ಯಾರೂ ಕೇಳಿರದ ರಿಪೇರಿಯವರೇ ತಾನೆ? ಇಂದು ‘ಇದ್ಯಾವ ಕಂಪೆನಿಯೋ’ ಎಂದು ಮೂಗು ಮುರಿಯುವ ಮುನ್ನ ಇದು ನೆನಪಿರಬೇಕು.

ಕಾಫಿ ಬೆಳೆಗಾರನಿಗೆ ಗೊತ್ತಿರುವ ಮಾತು

ಹೆಸರಿಗೂ ರುಚಿಗೂ ಇರುವ ಸಂಬಂಧ ಎಂಥದೆಂದು ಕೊಡಗಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಶಕಗಳ ಕಾಲ ಬೆಳೆದ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲಿಗೆ ಸೇರುತ್ತಿತ್ತು. ಯಾರ ತೋಟದ್ದು ಯಾವುದು ಎಂದು ಕುಡಿಯುವವನಿಗೆ ತಿಳಿಯುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾದ ಆ ಪದ್ಧತಿ 1996ರ ಹೊತ್ತಿಗೆ ಮುಗಿಯಿತು. ಆಮೇಲಷ್ಟೇ ಸಣ್ಣ ತೋಟಗಳ ಹೆಸರು ಪೊಟ್ಟಣದ ಮೇಲೆ ಕಾಣಿಸಿಕೊಳ್ಳತೊಡಗಿತು. ಹೆಸರಿಲ್ಲದಿದ್ದಾಗ ಅವರ ಕಾಫಿ ಕೆಟ್ಟದಾಗಿತ್ತೆ? ಇಲ್ಲವಲ್ಲ!

ಪಿಕಪ್ಪಿನ ಕತೆಯೂ ಹಾಗೆಯೇ. ಅದರ ಕಚ್ಚಾವಸ್ತುಗಳಲ್ಲಿ ಗುಟ್ಟೇನೂ ಇಲ್ಲ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ‘ಆಲ್ನಿಕೊ’ ಕಾಂತ ಅಥವಾ ಸೆರಾಮಿಕ್ ಕಾಂತ, ಎನಾಮೆಲ್ ತಂತಿ, ಪ್ಲಾಸ್ಟಿಕ್ಕಿನ ಚೌಕಟ್ಟು, ಮೇಣ. ಅಮೆರಿಕದಲ್ಲಿ ಆಗ ಪೇಟೆಂಟಿನ ಆಯುಷ್ಯ 17 ವರ್ಷ; ಹೀಗಾಗಿ ಹಂಬಕರಿನ ಹಕ್ಕು 1976ಕ್ಕೇ ಮುಗಿಯಿತು. ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ದಕ್ಷಿಣ ಕೊರಿಯದ ಆರ್ಟೆಕ್, ಇಂಗ್ಲೆಂಡಿನ ವಿನ್ಯಾಸಕಾರ ಟ್ರೆವರ್ ವಿಲ್ಕಿನ್ಸನ್ ಹೆಸರಿನವು, ಅಲನ್ ಎಂಟ್‌ವಿಸಲ್ ಹೆಸರಿನವು, ಟೋನ್‌ರೈಡರ್ ಮುಂತಾದವು ಗಿಟಾರ್ ಲೋಕಕ್ಕೆ ತೀರ ಅಪರಿಚಿತವಲ್ಲ. ಆದರೆ ಅಂಗಡಿಯ ಷೋಕೇಸಿನ ಮುಂದಿನ ಸಾಲಿನಲ್ಲಿ ಕೂರುವ ಹೆಸರುಗಳೂ ಅಲ್ಲ. ಜಾಹೀರಾತಿನ ಖರ್ಚು ಕಡಿಮೆ, ಕೂಲಿ ಕಡಿಮೆ, ಯಂತ್ರದಲ್ಲಿ ಸುತ್ತುವುದೇ ಹೆಚ್ಚು. ಬೆಲೆ ಇಳಿಯಲು ಇಷ್ಟು ಸಾಕು.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದೇನೂ ಅಲ್ಲ. ಸುತ್ತು ಹೆಚ್ಚುಕಡಿಮೆಯಾಗಿರಬಹುದು, ಮೇಣದ ಲೇಪ ಅರೆಬರೆಯಾಗಿರಬಹುದು. ಆಲ್ನಿಕೊ ಎಂದು ಹೇಳಿ ಸೆರಾಮಿಕ್ ಕೊಟ್ಟಿರಲೂಬಹುದು. ಅದಕ್ಕೇ ಹೆಸರು ನೋಡಿ ಕೊಳ್ಳುವವನಿಗಿಂತ ಹೆಸರಿಲ್ಲದ್ದನ್ನು ಕೊಳ್ಳುವವನಿಗೆ ಹೆಚ್ಚು ತಿಳಿವಳಿಕೆ ಬೇಕು.

ಅಪ್ಪ, ಮಗ ಮತ್ತು ಅಗ್ಗಿಷ್ಟಿಕೆಯ ಮರ

ಈ ವಿಷಯದಲ್ಲಿ ಹೆತ್ತವರೂ ಮಕ್ಕಳೂ ಕೂಡಿ ಓದಬೇಕಾದ ಕತೆಯೊಂದು ಲಂಡನ್ನಿನಲ್ಲಿ ನಡೆದಿದೆ. 1963ರಲ್ಲಿ ಬ್ರಯಾನ್ ಮೇ ಎಂಬ ಹದಿಹರೆಯದ ಶಾಲಾಬಾಲಕನಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು. ಕೊಳ್ಳುವ ತಾಕತ್ತು ಮನೆಯಲ್ಲಿರಲಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಕೊಳ್ಳುವುದು ಬೇಡ, ಮಾಡೋಣ ಎಂದು ತಂದೆ–ಮಗ ಕೂತರು. ಹಳೆಯ ಅಗ್ಗಿಷ್ಟಿಕೆಯೊಂದರ ಚೌಕಟ್ಟಿನ ಮರ ಗಿಟಾರಿನ ಹಿಡಿಯಾಯಿತು. ಹುಳು ಕೊರೆದ ತೂತುಗಳಿಗೆ ಕಡ್ಡಿ ತುರುಕಿದರು. ಮೋಟಾರ್ ಸೈಕಲಿನ ವಾಲ್ವ್ ಸ್ಪ್ರಿಂಗು, ಹೆಣಿಗೆಯ ಕಡ್ಡಿಯ ತುದಿ, ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು ಎಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಕೆಲಸಕ್ಕೆ ಸುಮಾರು ಎರಡು ವರ್ಷ ಹಿಡಿಯಿತು.

ಪಿಕಪ್ಪನ್ನೂ ಹುಡುಗ ಮೊದಲು ಕೈಯಾರೆ ಸುತ್ತಿದ. ದನಿ ಬಂತು. ಆದರೆ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದಾಗ ನಾದದಲ್ಲಿ ಏರುಪೇರು. ಸೋಲೊಪ್ಪಿಕೊಂಡು ಅಂಗಡಿಯಿಂದ ಮೂರು ಪಿಕಪ್ ತಂದ. ಅವು ಅಮೆರಿಕದ ಫೆಂಡರೂ ಅಲ್ಲ, ಗಿಬ್ಸನ್ನೂ ಅಲ್ಲ. ಬರ್ನ್ಸ್ ಎಂಬ ಸ್ಥಳೀಯ ಇಂಗ್ಲಿಷ್ ತಯಾರಕನವು. ಜೋರಾಗಿ ನುಡಿಸಿದರೆ ಅವು ಕೀರಲು ಕಿರುಚುತ್ತಿದ್ದವು. ಒಳಗಿನ ಸಡಿಲ ತಂತಿ ಅಲುಗದಂತೆ ಅವುಗಳಿಗೆ ಆರಾಲ್ಡೈಟ್ ಅಂಟು ತುಂಬಿದ. ಕಿರುಚಾಟ ತಗ್ಗಿತು. ಅದೇ ಗಿಟಾರನ್ನು ಹಿಡಿದು ಆತ ಮುಂದೆ ‘ಕ್ವೀನ್’ ತಂಡದ ವಾದಕನಾಗಿ ಜಗತ್ತು ಸುತ್ತಿದ. 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿಯ ಮೇಲೆ ನಿಂತು ನುಡಿಸಿದ್ದೂ ಅದನ್ನೇ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಬಾಲ್ಯದಲ್ಲಿ ಓದಿದ್ದು ನಮ್ಮ ಪಂಚಗನಿಯ ಶಾಲೆಯಲ್ಲಿ.

ಕತೆ ಇಲ್ಲಿಗೆ ಮುಗಿದಿದ್ದರೆ ಬರೀ ಸಿನಿಮಾ ಕತೆಯಾಗುತ್ತಿತ್ತು. ಬ್ರಯಾನ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಖಗೋಳ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದವನು. ಸಂಗೀತಕ್ಕಾಗಿ 1974ರಲ್ಲಿ ಅದನ್ನು ಅರ್ಧಕ್ಕೇ ಬಿಟ್ಟ. ಗಿಟಾರ್ ಕಟ್ಟಲು ಮಗನ ಜತೆ ಮರ ಕೊರೆದ ಅದೇ ತಂದೆ ತೀರ ನೊಂದುಕೊಂಡರು. ಇಷ್ಟು ಓದಿ ಪಾಪ್ ಸಂಗೀತದವನಾಗುವುದೇ ಎಂಬ ಕೊರಗು. ಬಹುಕಾಲ ತಂದೆ–ಮಗನ ನಡುವೆ ಆ ನೋವು ಉಳಿಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮಗನ ಕಛೇರಿಯನ್ನು ಕಣ್ಣಾರೆ ಕಂಡ ಮೇಲಷ್ಟೇ ತಂದೆಯ ಮನಸ್ಸು ತಿಳಿಯಾದದ್ದು. 2007ರಲ್ಲಿ, ಅರವತ್ತರ ಅಂಚಿನಲ್ಲಿ, ಬ್ರಯಾನ್ ಮೇ ಬಿಟ್ಟ ಪ್ರಬಂಧವನ್ನು ಮುಗಿಸಿ ಡಾಕ್ಟರೇಟ್ ಪಡೆದರು. ಅದನ್ನು ನೋಡಲು ತಂದೆ ಇರಲಿಲ್ಲ.

ಓದು ಬಿಡಿ ಎಂದು ಈ ಕತೆ ಹೇಳುವುದಿಲ್ಲ. ಎಲ್ಲರೂ ಬ್ರಯಾನ್ ಮೇ ಆಗುವುದೂ ಇಲ್ಲ. ಮಗನ ಕೈಗೆ ಉಳಿ ಕೊಟ್ಟ ತಂದೆಗೂ ಮಗನ ದಾರಿ ಅರ್ಥವಾಗಲು ಎಷ್ಟು ಕಾಲ ಬೇಕಾಯಿತು ಎಂಬುದಷ್ಟೇ ಇದರಲ್ಲಿ ಗಮನಿಸಬೇಕಾದ್ದು.

ಕೊಳ್ಳುವ ಮುನ್ನ

ದನಿ ಸರಿಯಿಲ್ಲ ಎಂದ ಕೂಡಲೇ ಪಿಕಪ್ಪಿನ ಮೇಲೆ ತಪ್ಪು ಹೊರಿಸುವುದು ಅವಸರ. ಬಿಡಿಗಾಸೂ ಖರ್ಚಿಲ್ಲದ, ಇಲ್ಲವೇ ಅಲ್ಪ ಖರ್ಚಿನ ಮೂರು ಪರೀಕ್ಷೆಗಳನ್ನು ಮೊದಲು ಮಾಡಬೇಕು.

ಒಂದು, ತಂತಿ. ಕೊಡಗಿನ ಮಳೆಗಾಲದ ತೇವಕ್ಕೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒರಗಿಸಿಟ್ಟ ಗಿಟಾರಿನ ತಂತಿ ಮಂಕಾಗದೆ ಇನ್ನೇನಾದೀತು? ಹೊಸ ತಂತಿ ಹಾಕಿದರೆ ಅರ್ಧ ದೂರು ಅಲ್ಲೇ ಮುಗಿಯಬಹುದು.

ಎರಡು, ಎತ್ತರ. ಪಿಕಪ್ಪಿನ ಎರಡು ಬದಿಯ ಸ್ಕ್ರೂ ತಿರುಗಿಸಿದರೆ ಅದು ಏರಿಳಿಯುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ಕಾಂತಕ್ಕೂ ತಂತಿಗೂ ಸುಮಾರು 2 ಮಿ.ಮೀ. ಅಂತರವಿದ್ದರೆ ಚೆನ್ನ. ತೀರ ಹತ್ತಿರವಾದರೆ ಕಾಂತವು ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ದೂರವಾದರೆ ದನಿ ಬಡವಾಗುತ್ತದೆ.

ಮೂರು, ಕೇಬಲ್. ಇದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಪಿಕಪ್ಪಿನ ಸುರುಳಿ ಮತ್ತು ಕೇಬಲ್ಲಿನ ಕೆಪಾಸಿಟನ್ಸ್ ಸೇರಿ ಒಂದು ಅನುರಣನ ಮಂಡಲವಾಗುತ್ತದೆ. ಸಾಮಾನ್ಯ ಕೇಬಲ್ ಜೋಡಿಸಿದ ಒಂಟಿ ಸುರುಳಿಯ ಪಿಕಪ್ ಸುಮಾರು 4,000 ಹರ್ಟ್ಸ್ ಬಳಿ, ಹಂಬಕರ್ ಸುಮಾರು 3,000 ಹರ್ಟ್ಸ್ ಬಳಿ ಹೆಚ್ಚು ಮಿಂಚುತ್ತದೆ. ಒಂದು ಚುರುಕು, ಇನ್ನೊಂದು ದಪ್ಪ ಅನ್ನಿಸುವುದಕ್ಕೆ ಇದು ಮುಖ್ಯ ಕಾರಣ. ಕೇಬಲ್ ಉದ್ದವಾದಷ್ಟೂ ಈ ಶಿಖರ ಕೆಳಕ್ಕೆ ಸರಿದು ದನಿ ಮಬ್ಬಾಗುತ್ತದೆ. ಹತ್ತು ಮೀಟರಿನ ಕೇಬಲ್ ಕಳಚಿ ಮೂರು ಮೀಟರಿನದು ಹಾಕಿ ನೋಡಿದರೆ ಗೊತ್ತಾದೀತು.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಪಿಕಪ್ ತರಿಸಬಹುದು. ಹಿಂದೆ ಇಂಥವಕ್ಕೆ ಬೆಂಗಳೂರಿನ ಬಸ್ ಹತ್ತಬೇಕಿತ್ತು; ಈಗ ಮೂರ್ನಾಡಿಗೂ ಕೊರಿಯರ್ ಬರುತ್ತದೆ. ಹಳೆಯದರ ಅಳತೆ ತೆಗೆದು, ಕಾಂತಕಡ್ಡಿಗಳ ನಡುವಿನ ದೂರ ಹೊಂದುತ್ತದೆಯೇ ನೋಡಿ, ಹಿಂದಿರುಗಿಸಲು ಅವಕಾಶವಿರುವಲ್ಲೇ ಕೊಳ್ಳುವುದು ಜಾಣತನ. ‘14 ಕಿಲೋ ಓಮ್, ಭಾರೀ ಜೋರು’ ಎಂಬ ಜಾಹೀರಾತಿಗೆ ಮರುಳಾಗಬಾರದು. ಅಷ್ಟೇ ಸುತ್ತನ್ನು ಇನ್ನೂ ಸಣ್ಣ ತಂತಿಯಲ್ಲಿ ಸುತ್ತಿದರೂ ರೋಧ ಏರುತ್ತದೆ, ದನಿ ಏರುವುದಿಲ್ಲ!

ಪ್ರಯೋಗಶಾಲೆಯೇ ಪರೀಕ್ಷಕ

ಪೊಟ್ಟಣ ಬಂದಾಗ ಬೆಸುಗೆ ಹಾಕಲು ಓಡಬಾರದು. ಮೊದಲು ಮಲ್ಟಿಮೀಟರು. ರೋಧ ಹೇಳಿದ ಅಂಕಿಗೆ ಹತ್ತಿರವಿರಬೇಕು. ಅನಂತ ತೋರಿಸಿದರೆ ಒಳಗೆ ತಂತಿ ಕಡಿದಿದೆ, ವಾಪಸ್ ಕಳಿಸಬೇಕು. ಕಾಂತದ ಯಾವ ಧ್ರುವ ಮೇಲಿದೆ ಎಂದು ದಿಕ್ಸೂಚಿ ಹೇಳುತ್ತದೆ. ಇನ್ನು ಸುರುಳಿಯ ದಿಕ್ಕು. ಇದಕ್ಕೆ ಕಾಲೇಜಿನ ಗ್ಯಾಲ್ವನೋಮೀಟರು, ಇಲ್ಲವೇ ಮುಳ್ಳಿರುವ ಹಳೆಯ ಮೀಟರು ಸಾಕು. ಪಿಕಪ್ಪಿನ ಎರಡು ವೈರುಗಳನ್ನು ಜೋಡಿಸಿ, ಕಾಂತದ ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಫಕ್ಕನೆ ತೆಗೆಯಬೇಕು. ಮುಳ್ಳು ಒಂದು ಕಡೆ ಹಾರುತ್ತದೆ. ಹಳೆಯ ಪಿಕಪ್ಪಿನಲ್ಲೂ ಹಾಗೆಯೇ ನೋಡಿ, ಎರಡೂ ಒಂದೇ ಕಡೆ ಹಾರುವಂತೆ ವೈರು ಜೋಡಿಸಬೇಕು. ಇಲ್ಲದಿದ್ದರೆ ಎರಡು ಪಿಕಪ್ ಒಟ್ಟಿಗೆ ನುಡಿದಾಗ ಒಂದನ್ನೊಂದು ನುಂಗಿ ಬಡಕಲು ದನಿ ಬರುತ್ತದೆ. ಪರೀಕ್ಷೆಗೆಂದು ಉರುಹೊಡೆದ ಫ್ಯಾರಡೆಯ ನಿಯಮ ಕಣ್ಣೆದುರು ಕುಣಿಯುವುದನ್ನು ಕಂಡ ವಿದ್ಯಾರ್ಥಿ ಮತ್ತೆ ಅದನ್ನು ಮರೆಯಲಾರ.

ಬೆಸುಗೆ ಹಾಕುವುದನ್ನು ಮೊದಲು ಬೇಡದ ವೈರಿನ ತುಂಡುಗಳ ಮೇಲೆ ಕಲಿತುಕೊಳ್ಳಬೇಕು. ಹಳೆಯ ಜೋಡಣೆಯ ಚಿತ್ರ ಬರೆದಿಟ್ಟುಕೊಂಡೇ ಕಳಚಬೇಕು. ಕಳಚಿದ ಪಿಕಪ್ಪನ್ನು ಎಸೆಯದೆ ಜೋಪಾನವಾಗಿ ತೆಗೆದಿಡಬೇಕು. ಹೊಸತು ಹಿಡಿಸದಿದ್ದರೆ ಹಿಂದಿರುಗಲು ದಾರಿ ಇರುತ್ತದೆ.

ಹೊಸ ಪಿಕಪ್ ಕೀರಲು ಕಿರುಚಿದರೆ? ಮೇಣದ ಸ್ನಾನ ಮಾಡಿಸುವುದು ಹಳೆಯ ಕ್ರಮ. ಪ್ಯಾರಾಫಿನ್ನಿಗೆ ಸ್ವಲ್ಪ ಜೇನುಮೇಣ ಬೆರೆಸಿ, ಕರಗಿದ ಅದರಲ್ಲಿ ಸುರುಳಿಯನ್ನು ಅದ್ದುತ್ತಾರೆ. ಜೇನಿನ ನಾಡಾದ ಕೊಡಗಿನಲ್ಲಿ ಮೇಣಕ್ಕೆ ಬರವಿಲ್ಲ. ಆದರೆ ಮೇಣವನ್ನು ನೇರ ಉರಿಯ ಮೇಲಿಟ್ಟರೆ ಹೊತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗಿಟ್ಟು, ದೊಡ್ಡವರ ಎದುರಿನಲ್ಲೇ ಕರಗಿಸಬೇಕು. ಬಿಸಿ 65 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಲಿ. ಹೆಚ್ಚಾದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ.

ಕಣ್ಣು ಮುಚ್ಚಿ ಕೇಳಿ

ಹೊಸ ಪಿಕಪ್ ಹಾಕಿ ಮೊದಲ ಸಲ ಮೀಟಿದಾಗ ‘ಆಹಾ’ ಅನ್ನಿಸದವರು ಕಡಿಮೆ. ದುಡ್ಡು ಕೊಟ್ಟಿದ್ದೇವೆ, ಕಷ್ಟಪಟ್ಟಿದ್ದೇವೆ, ಚೆನ್ನಾಗಿ ಕೇಳಲೇಬೇಕು! ಮನಸ್ಸಿನ ಈ ಮೋಸದಿಂದ ಪಾರಾಗುವ ಬಗೆ ಕಾಫಿಯ ರುಚಿ ನೋಡುವವರಿಗೆ ಗೊತ್ತು. ಅವರು ಯಾರ ತೋಟದ್ದೆಂದು ತಿಳಿಯದೆಯೇ ಸಾಲಾಗಿಟ್ಟ ಕಪ್ಪುಗಳಿಂದ ಚಮಚೆಯಲ್ಲಿ ಹೀರಿ ಅಂಕ ಹಾಕುತ್ತಾರೆ.

ಗಿಟಾರಿಗೂ ಅದೇ ಉಪಾಯ. ಪಿಕಪ್ ಬದಲಿಸುವ ಮುನ್ನ ಹೊಸ ತಂತಿ ಹಾಕಿ, ಎರಡು ದಿನ ನುಡಿಸಿ, ಒಂದು ತುಣುಕನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಪಿಕಪ್ ಬದಲಿಸಿದ ಮೇಲೆ ಅವೇ ತಂತಿ, ಅದೇ ಆಂಪ್ಲಿಫಯರ್, ಅದೇ ಗುಂಡಿಯ ಗುರುತು, ಅದೇ ಕೋಣೆಯಲ್ಲಿ ಅದೇ ತುಣುಕು. ಜೋರಾಗಿ ಕೇಳುವುದು ಒಳ್ಳೆಯದೆಂದು ಕಿವಿ ತಪ್ಪು ತಿಳಿಯುವುದರಿಂದ ಎರಡರ ಗಟ್ಟಿತನ ಸಮವಾಗಿಸಬೇಕು. ಆಮೇಲೆ ತಂಗಿಯ ಕೈಗೆ ಮೊಬೈಲ್ ಕೊಟ್ಟು ಬೆನ್ನು ತಿರುಗಿಸಿ ಕೂರಬೇಕು. ಅವಳು ನಾಣ್ಯ ಚಿಮ್ಮಿ, ಬಿದ್ದಂತೆ ಹಳೆಯದನ್ನೋ ಹೊಸದನ್ನೋ ಹತ್ತು ಸಲ ಕೇಳಿಸಲಿ. ಹತ್ತರಲ್ಲಿ ಒಂಬತ್ತಾದರೂ ಸರಿ ಹೇಳಿದರೆ ವ್ಯತ್ಯಾಸ ನಿಜ. ಏಕೆಂದರೆ ಬರೀ ಅದೃಷ್ಟದಿಂದ ಹಾಗಾಗುವ ಸಂಭವ 1,024ರಲ್ಲಿ 11, ಅಂದರೆ ಶೇಕಡಾ ಒಂದರಷ್ಟು. ಐದಾರು ಮಾತ್ರ ಸರಿಯಾದರೆ? ಬದಲಾದದ್ದು ಗಿಟಾರಲ್ಲ, ಮನಸ್ಸು. ಅದನ್ನು ಒಪ್ಪಿಕೊಂಡು ಪಿಕಪ್ ಹಿಂದಿರುಗಿಸಿದ ಹುಡುಗ ದುಡ್ಡನ್ನೂ ಉಳಿಸಿದ, ವಿಜ್ಞಾನವನ್ನೂ ಕಲಿತ.

ವ್ಯತ್ಯಾಸ ನಿಜವೆಂದಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವುದು ಇಷ್ಟ? ಅದನ್ನೂ ಹೆಸರು ತಿಳಿಯದೆಯೇ ಆರಿಸಬೇಕು. ಕೆಲವೊಮ್ಮೆ ಹಳೆಯದೇ ಗೆದ್ದರೂ ಅಚ್ಚರಿಯಿಲ್ಲ.

ಮಳೆ, ಮಿಂಚು ಮತ್ತು ಅರ್ತಿಂಗ್

ಹೆತ್ತವರು ನಿಜವಾಗಿ ಕಣ್ಣಿಡಬೇಕಾದ್ದು ದುಡ್ಡಿಗಿಂತ ಮುಖ್ಯವಾದ ಇನ್ನೊಂದರ ಮೇಲೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫಯರಿನ ಅರ್ತಿಗೆ ಸೇರಿರುತ್ತವೆ. ಗದ್ದಲ ತಗ್ಗಲು ಇದು ಬೇಕು. ಆದರೆ ಮನೆಯ ಅರ್ತಿಂಗ್ ಸರಿಯಿಲ್ಲದೆ, ಆಂಪ್ಲಿಫಯರಿನೊಳಗೆ ದೋಷವಿದ್ದರೆ, ಬೆರಳು ಮುಟ್ಟುವ ತಂತಿಗೇ ವಿದ್ಯುತ್ ಬರಬಹುದು. 1972ರಲ್ಲಿ ವೇಲ್ಸ್‌ನ ಸ್ವಾನ್‌ಸೀ ಪಟ್ಟಣದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ತಿಂಗ್ ಇಲ್ಲದ ಮೈಕ್ರೊಫೋನ್ ಮುಟ್ಟಿ ವೇದಿಕೆಯಲ್ಲೇ ಪ್ರಾಣಬಿಟ್ಟ.

ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಅಭ್ಯಾಸ ಬೇಡವೇ ಬೇಡ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸಬಾರದು. ಗುಡುಗು–ಮಿಂಚಿನ ಹೊತ್ತಿನಲ್ಲಿ ಪ್ಲಗ್ ಕಳಚಿಡಬೇಕು. ಅರ್ತಿಂಗನ್ನು ಎಲೆಕ್ಟ್ರೀಷಿಯನ್ನಿಗೆ ತೋರಿಸಿ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಸ್ವಿಚ್ ಹಾಕಿಸಿದರೆ ಇಡೀ ಮನೆಗೇ ಕ್ಷೇಮ. ಗಿಟಾರಿನೊಳಗೆ ಕೈಯಾಡಿಸುವುದರಲ್ಲಿ ಅಪಾಯವಿಲ್ಲ. ಪಿಕಪ್ಪಿನಲ್ಲಿ ಹುಟ್ಟುವುದು ಒಂದು ವೋಲ್ಟಿನ ಆಚೀಚೆ. ಆಂಪ್ಲಿಫಯರನ್ನು ಮಾತ್ರ ಮಕ್ಕಳು ಬಿಚ್ಚಕೂಡದು. ವಾಲ್ವಿನ ಆಂಪ್ಲಿಫಯರಿನಲ್ಲಂತೂ ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ.

ನಮ್ಮವರ ದಾರಿ

ಪಿಕಪ್ ಎಂದರೆ ಬರೀ ರಾಕ್ ಸಂಗೀತದ ಅಬ್ಬರ ಎಂದುಕೊಳ್ಳಬೇಕಾಗಿಲ್ಲ. ಯು. ಶ್ರೀನಿವಾಸ್ ಬಾಲಕನಾಗಿದ್ದಾಗಲೇ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತದ ಕಛೇರಿ ಮಾಡಿದರು. ಸಾಧಾರಣ ಮ್ಯಾಂಡೊಲಿನ್ನಿನ ನಾದ ಬೇಗ ಸೊರಗುತ್ತದೆ. ಪಿಕಪ್ಪಿನ ಬಲದಿಂದ ಅದು ನಿಲ್ಲುವಂತಾದಾಗ ಗಮಕಗಳಿಗೆ ಜಾಗ ಸಿಕ್ಕಿತು. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಪ್ರಸನ್ನ ಅವರು ಮದರಾಸಿನ ಐ.ಐ.ಟಿ.ಯಲ್ಲಿ ನೌಕಾ ಎಂಜಿನಿಯರಿಂಗ್ ಓದಿದವರು.

ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ವಾದಕರು. ತಂಬೂರಿಯ ಶ್ರುತಿಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೊಳಗೆ ಕೂರಿಸುವ ಹಂಬಲದಿಂದ ಅವರು ಕಟ್ಟಿದ್ದೇ ರಾಡೆಲ್ ಸಂಸ್ಥೆ. ಎಲೆಕ್ಟ್ರಾನಿಕ್ ತಂಬೂರಿ, ತಬಲಾ, ಡಿಜಿಟಲ್ ವೀಣೆಗಳು ಅಲ್ಲಿಂದ ಬಂದವು. ಇಂದು ಸಂಗೀತ ಪಾಠದ ಮನೆಗಳಲ್ಲಿ ಅಂಥ ಶ್ರುತಿಪೆಟ್ಟಿಗೆ ಕೇಳದ ಮುಂಜಾವು ಅಪರೂಪ. ಒಬ್ಬ ಎಂಜಿನಿಯರನ ಹವ್ಯಾಸ ಅಷ್ಟು ದೂರ ನಡೆಯಿತು. ಶುರುವಿನಲ್ಲಿ ಆ ಹೆಸರೂ ಯಾರೂ ಕೇಳಿರದ್ದೇ ಆಗಿತ್ತು.

ದುಡಿಯ ಹುರಿಯನ್ನು ಬಿಗಿಹಿಡಿದು ನಾದ ಹೊಂದಿಸಿಕೊಳ್ಳುವ ಕಲಾವಿದರ ನಾಡಿಗೆ ವಾದ್ಯವನ್ನು ಬಿಚ್ಚಿ, ತಿದ್ದಿ, ತನ್ನದಾಗಿಸಿಕೊಳ್ಳುವ ವಿದ್ಯೆ ಹೊಸತೇನೂ ಅಲ್ಲ. ಅಂದಮೇಲೆ ಮಗನೋ ಮಗಳೋ ಪಿಕಪ್ ಬೇಕೆಂದಾಗ ಹೆತ್ತವರು ಒಂದು ಕರಾರು ಹಾಕಬಹುದು: ‘ಅದು ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಅರ್ಥವಾಗುವಂತೆ ಹೇಳು, ಆಮೇಲೆ ದುಡ್ಡು.’ ಹೇಳಲು ಬಂದರೆ ಆ ದುಡ್ಡು ದಂಡವಲ್ಲ. ಬಾರದಿದ್ದರೆ ಪುಸ್ತಕ ತೆಗೆಯಲು ಅದೇ ನೆವ. ಆದರೆ ಮಾರ್ಚ್ ತಿಂಗಳ ಪರೀಕ್ಷೆ ಮುಗಿಯುವವರೆಗೆ ಬೆಸುಗೆ ಕಡ್ಡಿ ಅಟ್ಟದ ಮೇಲಿರಲಿ!

ಪರೀಕ್ಷೆ ಮುಗಿದ ಸಂಜೆ ಅಪ್ಪ ಟಾರ್ಚ್ ಹಿಡಿದು, ಮಗ ಬೆಸುಗೆ ಹಾಕಿ, ತಂಗಿ ಬೆನ್ನ ಹಿಂದೆ ನಾಣ್ಯ ಚಿಮ್ಮಿ ಕೂತರೆ ಹೊಸ ಕಂಠ ಹೇಗಿದೆಯೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಬಹುದು. ಪಿಕಪ್ ಎಂದರೆ ಗಾಡಿ ಎಂದುಕೊಂಡಿದ್ದ ಅಪ್ಪನೂ ಆ ಹೊತ್ತಿಗೆ ‘ಇನ್ನೊಂದ್ಸಲ ನುಡಿಸು, ನೋಡೋಣ’ ಎಂದಾರು.